ಕೆ.ಆರ್. ನಗರದ ಪಾರ್ಟಿ

ನಮ್ಮ ಕಟ್ಟೆಮಳಲವಾಡಿಯ ಚೆಲುವರಾಜು ಸಿನಿಮಾ ನಿರ್ದೇಶಕನಾದದ್ದು ಒಂದು ಕುರ್ಚಿಯ ದೆಸೆಯಿಂದ. ಅವನದು ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮೂಲತಃ ಪಿರಿಯಾಪಟ್ಟಣದ ಕಡೆಯವನು. ಅಕ್ಕ ಭದ್ರಮ್ಮನನ್ನು ನಮ್ಮೂರಿಗೆ ಕೊಟ್ಟ ಮೇಲೆ ಅವಳನ್ನು ನೋಡಿಕೊಂಡು ಹೋಗಲು ಬಂದವನು ಇನ್ನೂ ನೋಡುತ್ತಲೇ ಇದ್ದಾನೆ.

ಹೋದ ವರ್ಷ ಎಚ್.ಡಿ. ಕೋಟೆಯ ಹಿನ್ನೀರಿನ ಹತ್ತಿರ ಯಾವುದೋ ಸಿನಿಮಾದವರು ಬಂದಿದ್ದಾಗ ಇವನ ಕುರ್ಚಿಗಳು ಬಾಡಿಗೆಗೆ ಹೋಗಿದ್ದವು. ಕುರ್ಚಿ ಕಾಯಲು ಹೋದವನು ಸಾಲದ್ದಕ್ಕೆ ಒಂದರ ಮೇಲೆ ಕೂತೂ ಇದ್ದ. ದೂರದಿಂದ ಯಾರೋ “ಅಣ್ಣಾ, ನೀವು ಫ್ರೇಮಲ್ಲಿದೀರಾ!” ಎಂದು ಕೂಗಿದರು. ಎದ್ದು ಆಚೆ ಹೋಗಯ್ಯ ಮಾರಾಯ ಎಂದು ಅದರ ಅರ್ಥ. ಚೆಲುವರಾಜು ಅದನ್ನು ಹೊಗಳಿಕೆ ಎಂದು ತಿಳಿದು ಕೈ ಮುಗಿದ.

“ನೋಡ್ದೇಟ್ಗೇ ಯೋಳ್ಬುಟ್ರು ಮೇಷ್ಟ್ರೇ, ನೀವು ಫ್ರೇಮಲ್ಲಿದೀರಾ ಅಂತ. ಇಷ್ಟ್ ವರ್ಸ ನಂಗೇ ಗೊತ್ತಿರ್ನಿಲ್ಲ ನೋಡಿ,” ಎಂದು ಬಂದು ನನಗೆ ಹೇಳಿದ. ನಾನು ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ತಪ್ಪು ತಿದ್ದುವುದು ನನ್ನ ಕಸುಬು. ಆದರೆ ಸಂತೋಷವಾಗಿರುವವನನ್ನು ತಿದ್ದಬಾರದು ಎನ್ನುವುದನ್ನೂ ಅದೇ ಕಸುಬಿನಲ್ಲಿ ಕಲಿತಿದ್ದೇನೆ. “ಗುರುತು ಹಿಡಿಯೋರು ಬೇಕಲ್ಲಪ್ಪ,” ಎಂದು ಸುಮ್ಮನಾದೆ.

ಒಂದು ತಿಂಗಳಲ್ಲಿ ಕಥೆ ಸಿದ್ಧವಾಯಿತು. ಒಬ್ಬ ಬಡ ಹುಡುಗ. ಬಲು ಬುದ್ಧಿವಂತ. ಎಲ್ಲ ವಿಷಯದಲ್ಲೂ ನೂರಕ್ಕೆ ನೂರು, ಅಂದರೆ ನಮ್ಮ ಮಕ್ಕಳ ಭಾಷೆಯಲ್ಲಿ ಔಟ್ ಆಫ್ ಔಟ್. ಅಂಥ ಹುಡುಗ ಕೆಟ್ಟವರ ಸಹವಾಸಕ್ಕೆ ಬಿದ್ದು, ಗ್ಯಾಂಗ್ ಸೇರಿ, ಲಾಂಗ್ ಹಿಡಿದು, ಕೊಲೆಗಾರನಾಗುತ್ತಾನೆ. ಅಲ್ಲೂ ಔಟ್ ಆಫ್ ಔಟ್. ಸಿನಿಮಾದ ಹೆಸರೂ ಅದೇ. ಕೊನೆಗೆ ಹುಡುಗ ಏನಾಗುತ್ತಾನೆ ಎಂದು ಕೇಳಿದರೆ ಚೆಲುವರಾಜು ಕಣ್ಣು ಮುಚ್ಚಿ “ಅದು ಸಸ್ಪೆನ್ಸ್” ಎನ್ನುತ್ತಿದ್ದ. ಅವನಿಗೂ ಗೊತ್ತಿರಲಿಲ್ಲ.

ತೊಡಕು ಶುರುವಾದದ್ದು ಹುಡುಗನನ್ನು ಹುಡುಕುವಾಗ. ಊರಿನಲ್ಲಿ ಬುದ್ಧಿವಂತ ಮಕ್ಕಳಿಗೆ ಬರವಿಲ್ಲ. ಅವರ ಅಪ್ಪಂದಿರನ್ನು ಕೇಳಿದರೆ ಎಲ್ಲರ ಮಕ್ಕಳೂ ಬುದ್ಧಿವಂತರೇ. ಆದರೆ ಚಾಮಯ್ಯ ಹೇಳಿದ ಮಾತೇ ಎಲ್ಲರದೂ. “ಇಂಟ್ರವಲ್ ಗಂಟ ನಮ್ ಹುಡ್ಗ ಮಾಡ್ಲಿ ಕಣ್ಲಾ ಚೆಲ್ವಾ. ರ‍್ಯಾಂಕ್ ತಗಳ್ಳಿ, ಹಾರ ಹಾಕಿಸ್ಕಳ್ಳಿ. ಇಂಟ್ರವಲ್ ಆದ್ಮೇಕೆ ಬ್ಯಾರೆ ಯಾರ್ ಮಗನ್ನಾದ್ರೂ ಹಾಕ್ಕ.”

ಕಡೆಗೆ ಯಾರಿಗೂ ಇಲ್ಲ ಎನ್ನದ ಲಿಂಗರಾಜುವಿನ ತಲೆಗೆ ಬಂತು. ಲಿಂಗರಾಜು ಭದ್ರಮ್ಮನ ಮಗ, ಚೆಲುವರಾಜುವಿನ ಸೋದರಳಿಯ. ಹುಡುಗ ಎಂದು ಕರೆಯುವ ವಯಸ್ಸು ಮೀರಿ ಮೀಸೆಯೂ ಒಂದು ಹದಕ್ಕೆ ಬಂದಿತ್ತು. ಆದರೆ ಮದುವೆಯಾಗದ ಗಂಡು ನಮ್ಮ ಕಡೆ ಎಷ್ಟು ವರ್ಷವಾದರೂ ಹುಡುಗನೇ. ನನ್ನ ಬಳಿಯೇ ಓದಿದವನು, ಓದಿನಲ್ಲೂ ಮುಂದಿದ್ದವನು. ಅಪ್ಪ ತೀರಿಕೊಂಡ ಮೇಲೆ ಹೊಲ ನೋಡಿಕೊಂಡು, ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಪರೀಕ್ಷೆ ಮಾಡಿಕೊಂಡು ತಣ್ಣಗಿದ್ದ. ಗುಣಕ್ಕೆ ಗುಣ, ನೀರಾವರಿಗೆ ನೀರಾವರಿ, ಆದರೂ ಹೆಣ್ಣು ಸಿಗುತ್ತಿರಲಿಲ್ಲ. ಬಂದವರೆಲ್ಲ ಕೇಸರಿಬಾತು ತಿಂದು, “ಹುಡುಗ ಊರಲ್ಲೇ ಇರೋದಾ?” ಎಂದು ಕೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಭದ್ರಮ್ಮನಿಗೆ ಅದೊಂದೇ ಕೊರಗು.

ಸಿನಿಮಾ ಎಂದಾಗ ಭದ್ರಮ್ಮ ತಮ್ಮನಿಗೆ ಒಂದೇ ಷರತ್ತು ಹಾಕಿದಳು. “ನೋಡ್ಲಾ ಚೆಲ್ವಾ, ನನ್ ಮಗ ಯಾರ್ನೂ ಹೊಡೀಕೂಡ್ದು. ನನ್ ಮಗನ್ನ ಯಾರೂ ಹೊಡೀಕೂಡ್ದು. ಇವೆರಡು ಬುಟ್ಟು ಏನಾರ ಮಾಡ್ಕ.”

“ಆಯ್ತು ಬುಡಕ್ಕ,” ಎಂದ ಚೆಲುವರಾಜು. ಗ್ಯಾಂಗ್‌ವಾರ್ ಸಿನಿಮಾಕ್ಕೆ ಒಪ್ಪಿಗೆ ದೊರೆತದ್ದು ಹೀಗೆ.

ಹೆಸರು ಬದಲಾಯಿಸಿದರೆ ಜನ ಮರೆತು ಹೋಗುತ್ತಾರೆಂದು ಸಿನಿಮಾದಲ್ಲೂ ಅವನ ಹೆಸರನ್ನು ಲಿಂಗರಾಜು ಎಂದೇ ಇಟ್ಟರು. ಗ್ಯಾಂಗಿನ ಲೀಡರ್ ಆಗಿ ಭಜನೆ ಮನೆಯ ನಂಜಣ್ಣ, ಅಡ್ಡೆಯಾಗಿ ಅವನ ಹೊಗೆಸೊಪ್ಪು ಹದ ಮಾಡುವ ಮನೆ, ಅಂದರೆ ಬ್ಯಾರನ್. ಇನ್‌ಸ್ಪೆಕ್ಟರಾಗಿ ಟೀ ಅಂಗಡಿ ಕರಿಯಯ್ಯ. ಕ್ಯಾಮೆರಾಕ್ಕೆ ಹುಣಸೂರಿನಲ್ಲಿ ಮದುವೆ ವಿಡಿಯೋ ತೆಗೆಯುವ ಶಿವಶಂಕರ್. ಅವನು ಅಭ್ಯಾಸಬಲದಿಂದ ಪ್ರತಿ ಕೊಲೆಗೂ ಮುಂಚೆ “ಎಲ್ಲರೂ ಸ್ವಲ್ಪ ನಗಿ” ಎನ್ನುತ್ತಿದ್ದ, ಎಲ್ಲರೂ ನಗುತ್ತಿದ್ದರು. ಲಾಂಗುಗಳನ್ನು ರಟ್ಟಿನಲ್ಲಿ ಕತ್ತರಿಸಿ ಬೆಳ್ಳಿ ಕಾಗದ ಸುತ್ತಿದ್ದರು. ರಕ್ತಕ್ಕೆ ಬೆಲ್ಲದ ಪಾಕ ಕಾಯಿಸಿ ಬಣ್ಣ ಕದಡುತ್ತಿದ್ದರು. ಅದು ನೋಡಲು ಚೆನ್ನಾಗಿತ್ತು, ಆದರೆ ಸತ್ತವರಿಗೆ ಇರುವೆ ಮುತ್ತಿ ಅವರು ಎದ್ದೆದ್ದು ಕುಣಿಯುತ್ತಿದ್ದರು. ಲಿಂಗರಾಜು ಲಾಂಗ್ ಬೀಸುವವರೆಗೆ ಬೀಸಿ, ತಗಲುವ ಮುಂಚೆ ನಿಲ್ಲಿಸಿ, “ಸಾರಿ ಅಣ್ಣ, ಗಾಳಿ ತಗುಲ್ತಾ?” ಎಂದು ಕೇಳುತ್ತಿದ್ದ. ಹೀಗೆ ಭದ್ರಮ್ಮನ ಮಾತು ಮೀರದಂತೆ ಮೂರು ಕೊಲೆಗಳು ಮುಗಿದವು. ಊರಿಗೆ ಊರೇ ಇದೇ ಧ್ಯಾನದಲ್ಲಿತ್ತು. ಹೊಲದಲ್ಲಿ, ಡೇರಿಯಲ್ಲಿ, ಕ್ಷೌರದಂಗಡಿಯಲ್ಲಿ ಬರೀ ಲಿಂಗರಾಜು ಮಾಡಿದ ಕೊಲೆಗಳದೇ ಮಾತು.

ಇಷ್ಟರಲ್ಲಿ ಲಿಂಗರಾಜುವಿಗೆ ಒಂದು ಸಂಬಂಧ ಕೂಡಿ ಬರುವಂತಿತ್ತು. ಹುಡುಗಿ ಕೆ.ಆರ್. ನಗರದ ರಮ್ಯಶ್ರೀ, ಅಲ್ಲೇ ಒಂದು ಶಾಲೆಯಲ್ಲಿ ಟೀಚರು. ಹುಣಸೂರಿನ ಒಂದು ಮದುವೆಯಲ್ಲಿ ಲಿಂಗರಾಜು ಪಾಯಸ ಬಡಿಸುವುದನ್ನು ಅವಳು ನೋಡಿದ್ದಳಂತೆ. “ಎರಡನೇ ಸಲ ಕೇಳಿದೋರಿಗೆ ಮುಖ ನೋಡ್ದೆ ತುಂಬ ಬಡಿಸಿದ್ರು. ಅವರಾದ್ರೆ ನಂಗೆ ಒಪ್ಗೆ, ಊರಲ್ಲೇ ಇರ್ಲಿ,” ಎಂದು ಮನೆಯಲ್ಲಿ ಹೇಳಿದಳು. ಅವಳ ಅಪ್ಪ ಷಣ್ಮುಖಪ್ಪ ಆಲೆಮನೆ ಇಟ್ಟು ಬೆಲ್ಲ ಕಾಯಿಸುವವರು. ಭಾನುವಾರ ಮನೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಭದ್ರಮ್ಮ ಅಂದಿನಿಂದ ದೇವರಿಗೆ ಎರಡು ಹೊತ್ತೂ ದೀಪ ಹಚ್ಚತೊಡಗಿದಳು. ಇದು ತಪ್ಪಿದರೆ ಇನ್ನು ಇಲ್ಲ ಎಂದು ಅವಳ ಮನಸ್ಸು ಹೇಳಿಬಿಟ್ಟಿತ್ತು.

ನಮ್ಮ ಕಡೆ ಹೆಣ್ಣು ಕೊಡುವವರಿಗೆ ಒಂದು ಪದ್ಧತಿ ಉಂಟು. ಭಾನುವಾರ ಬರುತ್ತೇವೆಂದು ಹೇಳಿದವರು ಅದಕ್ಕೂ ಮುಂಚೆ ಒಂದು ದಿನ, ಯಾರಿಗೂ ಹೇಳದೆ, ಒಬ್ಬರೇ ಬಂದು, ಟೀ ಅಂಗಡಿಯಲ್ಲಿ ಕೂತು, “ಹುಡುಗ ಹೆಂಗೆ?” ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ಊರಿನವರಿಗೂ ಒಂದು ಪದ್ಧತಿ ಉಂಟು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಗೆ ನಮ್ಮೂರು ಎಂದೂ ಮೋಸ ಮಾಡಿಲ್ಲ. ಕುಡಿದು ಚರಂಡಿಯಲ್ಲಿ ಮಲಗುವವನನ್ನು “ಮಣ್ಣಿನ ಮೇಲೆ ಬಲು ಪ್ರೀತಿ” ಎಂದು ಹೇಳಿ ಮದುವೆ ಮಾಡಿಸಿದ ಊರು ಇದು.

ಅತ್ತ ಚೆಲುವರಾಜುವಿನ ಕೈ ಬರಿದಾಗಿತ್ತು. ಕೊನೆಯ ಕೊಲೆಗೆ ಡ್ರೋನ್ ಬೇಕೆಂದು ಅವನ ಹಟ. ಕೆ.ಆರ್. ನಗರದಲ್ಲಿ ರೈಸ್‌ಮಿಲ್ ಇಟ್ಟಿರುವ ಪ್ರಭುಸ್ವಾಮಿ ಎನ್ನುವವರು, “ಹೀರೋನ ನೋಡಿ ಆಮೇಲೆ ಮಾತಾಡೋಣ, ಗುರುವಾರ ಬತ್ತೀನಿ,” ಎಂದಿದ್ದರು. ಚೆಲುವರಾಜು ಬುಧವಾರ ಸಂಜೆ ಮೈಕನ್ನೇ ಹಿಡಿದ. ಮೈಕ್‌ಸೆಟ್ ಇರುವವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದುಂಟೇ?

“ಗ್ರಾಮಸ್ಥರಲ್ಲಿ ವಿನಂತಿ! ನಾಳೆ ಕೆ.ಆರ್. ನಗರದಿಂದ ಪಾರ್ಟಿ ಬತ್ತಾ ಅದೆ! ನಮ್ ಲಿಂಗರಾಜುನ ನೋಡಕ್ಕೆ! ಯಾರ್ನ ಏನ್ ಕೇಳುದ್ರೂ ನಾಚ್ಕಬ್ಯಾಡಿ! ಹುಡ್ಗ ಮಾಡಿರೋದ್ನೆಲ್ಲ ಧಾರಾಳವಾಗಿ ಯೋಳಿ!”

ಪಾರ್ಟಿ ಎನ್ನುವುದು ನಮ್ಮ ಕಡೆ ಬಲು ಉಪಕಾರಿ ಮಾತು. ಹೊಗೆಸೊಪ್ಪು ಕೊಳ್ಳುವವನೂ ಪಾರ್ಟಿ, ಸೈಟು ತೋರಿಸೆಂದು ಬರುವವನೂ ಪಾರ್ಟಿ, ಹೆಣ್ಣು ಕೊಡಲು ಬರುವವನೂ ಪಾರ್ಟಿ. ಊರಿನವರು ಸಿನಿಮಾಕ್ಕೆ ದುಡ್ಡು ಹಾಕುವ ಪಾರ್ಟಿ ಎಂದು ತಿಳಿದೆವು. ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದ ಭದ್ರಮ್ಮ, ಬೀಗರು ಭಾನುವಾರದ ಬದಲು ನಾಳೆಯೇ ಬರುತ್ತಿದ್ದಾರೆಂದು ತಿಳಿದು, ಕೈ ತೊಳೆದು ರವೆ ಹುರಿಯಲು ಹೋದಳು. ಅತ್ತ ಷಣ್ಮುಖಪ್ಪನವರು, ವಿಚಾರಿಸಿಕೊಂಡು ಬರಲು ಗುರುವಾರ ಒಳ್ಳೆಯ ದಿನವೆಂದು ಹೆಂಡತಿಗೂ ಹೇಳದೆ ಬಟ್ಟೆ ಇಸ್ತ್ರಿ ಮಾಡಿಸುತ್ತಿದ್ದರು.

ಬೆಳಿಗ್ಗೆ ಹತ್ತರ ಹೊತ್ತಿಗೆ ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಕರಿಯಯ್ಯನ ಟೀ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. ನಂಜಣ್ಣನೂ ನಾನೂ ಅಲ್ಲೇ ಇದ್ದೆವು.

“ಒಂದು ಟೀ ಕೊಡಪ್ಪ. ಈ ಊರಲ್ಲಿ ಲಿಂಗರಾಜು ಅಂತ...”

“ಕೆ.ಆರ್. ನಗರದಿಂದ ಬಂದ್ರಾ?” ಎಂದ ಕರಿಯಯ್ಯ.

ಹಿರಿಯರು ಗಾಬರಿಯಾದರು. “ನಿಮಗ್ಯಾರು ಹೇಳಿದ್ರು?”

“ಮೈಕಲ್ಲಿ ಯೋಳವ್ರೆ ಸೋಮಿ. ಕುಂತ್ಕಳಿ, ಕುಂತ್ಕಳಿ. ಹುಡ್ಗನ್ನ ನೋಡಕ್ಕೆ ತಾನೆ?”

ಹೆಂಡತಿಗೂ ಹೇಳದ ಮಾತು ಮೈಕಿಗೆ ಹೇಗೆ ಬಂತೆಂದು ತಿಳಿಯದೆ ಅವರು ಟೀ ಲೋಟ ತೆಗೆದುಕೊಂಡರು. ಆಮೇಲೆ ಬಂದ ಕೆಲಸ ನೆನೆಸಿಕೊಂಡು, “ಹುಡುಗ ಹೆಂಗೆ?” ಎಂದರು.

“ಚಿನ್ನ! ಓದ್ನಲ್ಲಿ ಔಟ್ ಆಫ್ ಔಟ್. ಆಮೇಕೆ ಗ್ಯಾಂಗ್ ಸೇರ್ಕಂಡ.”

“ಗ್ಯಾಂಗಾ?”

“ಈ ನಂಜಣ್ಣನ ಗ್ಯಾಂಗು. ಇಲ್ಲೇ ಅವ್ರಲ್ಲ.”

ನಂಜಣ್ಣ ಹಣೆಯ ವಿಭೂತಿ ಸರಿಪಡಿಸಿಕೊಂಡು ವಿನಯದಿಂದ ಕೈ ಮುಗಿದ. “ನಾನೇ ಸೋಮಿ ಅವನ್ನ ಕೆಡಿಸಿದ್ದು. ಎಲ್ಲಾ ದೇವರ ದಯೆ.”

ಹಿರಿಯರು ಲೋಟ ಕೆಳಗಿಟ್ಟರು. “ಅಂದ್ರೆ... ಕುಡಿಯೋದು, ಇಸ್ಪೀಟು...”

“ಥೂ ಥೂ, ಕುಡ್ತ ಪಡ್ತ ನಮ್ಮಲ್ಲಿ ಇಲ್ಲ,” ಎಂದ ನಂಜಣ್ಣ ನೊಂದುಕೊಂಡು. “ಬರೀ ಕೊಲೆ.”

“ಎಷ್ಟು?”

“ಮೂರಾಯ್ತು. ಗುರುಪುರದ ಶುಂಠಿ ಹೊಲ್ದಲ್ಲಿ ಮಾಡಿದ್ದಂತೂ ನೋಡಂಗಿತ್ತು. ಮೊದಲ್ನೇ ಸಲ ಸರಿಯಾಗಿ ಬರ್ನಿಲ್ಲ. ಮಾರನೇ ದಿನ ಅದೇ ಮನುಸನ್ನ ಕರ್ಕಬಂದು ತಿರ್ಗ ಮಾಡುದ್ರು.”

“ಅದೇ ಮನುಷ್ಯನ್ನ!”

“ಊ. ಅವ್ರ್ ಹೆಂಡ್ತಿ ಮಕ್ಳೂ ಬಂದು ಚಪ್ಪಾಳೆ ತಟ್ಟುದ್ರು.”

“ಪೊಲೀಸ್ನೋರು ಇಲ್ವೇನಪ್ಪ ನಿಮ್ಮೂರಲ್ಲಿ?”

“ಪೊಲೀಸು ನಾನೇ,” ಎಂದ ಕರಿಯಯ್ಯ ಟೀ ಸೋಸುತ್ತಾ. “ಕಾಸ್ ಇಸ್ಕಂಡು ಬುಟ್ಬುಟ್ಟೆ.”

ಹಿರಿಯರು ನನ್ನ ಕಡೆ ತಿರುಗಿದರು. ಮುಳುಗುವವನು ಹುಲ್ಲುಕಡ್ಡಿ ಹಿಡಿಯುವ ಹಾಗೆ, “ನೀವು ಓದಿದೋರಂಗೆ ಕಾಣ್ತೀರಿ. ನೀವಾದ್ರೂ ನಿಜ ಹೇಳಿ ಸ್ವಾಮಿ,” ಎಂದರು. ಊರಿನ ಹುಡುಗನ ಭವಿಷ್ಯದ ಪ್ರಶ್ನೆ. ನಾನು ಕನ್ನಡಕ ತೆಗೆದು ಒರೆಸಿಕೊಂಡು, ತೂಕವಾಗಿ ಹೇಳಿದೆ. “ನಾನೇ ಪಾಠ ಹೇಳಿದ ಹುಡುಗ. ಕೊಲೆ ಮಾಡುವಾಗ ಇನ್ನೂ ಸ್ವಲ್ಪ ಸಂಕೋಚ ಪಡುತ್ತಾನೆ. ಕಲಿಯುತ್ತಾನೆ ಬಿಡಿ. ನೀವು ಕಣ್ಣು ಮುಚ್ಚಿಕೊಂಡು ಮುಂದುವರಿಯಬಹುದು.”

“ಅವರ ತಾಯಿ ಏನೂ ಅನ್ನಲ್ವಾ?”

“ಊಟದೊತ್ಗೆ ಬಂದ್ಬುಡು ಅಂತಾರೆ,” ಎಂದ ಕರಿಯಯ್ಯ.

ಹಿರಿಯರು ಅರ್ಧ ಟೀ ಬಿಟ್ಟು ಎದ್ದರು. ಮುಂದಿನ ಬಸ್ಸು ಮಧ್ಯಾಹ್ನಕ್ಕೆ ಎಂದು ತಿಳಿದ ಮೇಲೂ ನಿಲ್ಲದೆ, ನಾಲೆ ಏರಿಯ ಮೇಲೆ ಹುಣಸೂರಿನ ಕಡೆ ಬಿರಬಿರನೆ ನಡೆದುಬಿಟ್ಟರು. “ಪಾರ್ಟಿ ಒಪ್ಕಂಡ್ರು ಕಣ್ಲಾ,” ಎಂದ ನಂಜಣ್ಣ. “ದುಡ್ ತರಕ್ಕೇ ಓಯ್ತಾ ಅವ್ರೆ.”

ಅದೇ ಹೊತ್ತಿಗೆ ಕಾರಿನಲ್ಲಿ ಬಂದ ರೈಸ್‌ಮಿಲ್ ಪ್ರಭುಸ್ವಾಮಿಯವರು ಲಿಂಗರಾಜುವಿನ ಮನೆ ಎಲ್ಲಿ ಎಂದು ಕೇಳಿಕೊಂಡು ನೇರವಾಗಿ ಭದ್ರಮ್ಮನ ಜಗುಲಿ ಹತ್ತಿದ್ದರು. ಭದ್ರಮ್ಮ ತಲೆಯ ಮೇಲೆ ಸೆರಗು ಹೊದ್ದು, ಚಾಪೆ ಹಾಸಿ, ತಟ್ಟೆ ತುಂಬ ಕೇಸರಿಬಾತು ಇಟ್ಟಳು. ಇಂಥ ಮರ್ಯಾದೆ ಸಿನಿಮಾದಲ್ಲಿ ಇರುತ್ತದೆಂದು ಪ್ರಭುಸ್ವಾಮಿಗೆ ಗೊತ್ತಿರಲಿಲ್ಲ. ಖುಷಿಯಾಗಿ ತಿಂದರು.

“ನಿಮ್ಮ ಮಗ ಹೊಡೆದಾಟದಲ್ಲಿ ಹೆಂಗೆ ಅಮ್ಮ?” ಎಂದು ಕೇಳಿದರು.

“ಅಯ್ಯೋ ಶಿವನೇ! ಇರುವೆ ತುಳಿಯಲ್ಲ ಬುದ್ಧಿ ನನ್ ಮಗ. ಎತ್ತಿನ ಕೊರಳಿಗೆ ನೊಣ ಕುಂತ್ರೂ ಊದಿ ಓಡಿಸ್ತಾನೆ, ಬಡಿಯಲ್ಲ.”

ಪ್ರಭುಸ್ವಾಮಿಯ ಮುಖ ಸಪ್ಪಗಾಯಿತು. ನೊಣ ಬಡಿಯದ ಹೀರೋನ ಮೇಲೆ ಯಾರು ದುಡ್ಡು ಹಾಕುತ್ತಾರೆ? ಭದ್ರಮ್ಮ ಮಾತು ಮುಂದುವರಿಸಿ, “ಹುಡ್ಗಿ ಹೆಂಗವ್ಳೆ ಬುದ್ಧಿ? ಸೆಂದಾಗವ್ಳಾ?” ಎಂದಳು.

“ಹುಡುಗಿ ಇನ್ನೂ ಫಿಕ್ಸ್ ಆಗಿಲ್ಲಮ್ಮ. ಬಾಂಬೆಯಿಂದ ತರಿಸೋ ಯೋಚನೆ ಇದೆ.”

ಭದ್ರಮ್ಮ ದಂಗಾದಳು. “ಮತ್ತೆ ಟೀಚರು ಅಂದ್ರು?”

“ಟೀಚರ್ ಪಾತ್ರ ಬೇಕಾದ್ರೂ ಮಾಡ್ತಾಳೆ. ಮೂರು ದಿನ ಇರ್ತಾಳೆ, ಒಂದು ಹಾಡು ಕುಣಿತಾಳೆ, ವಾಪಸ್ ಹೋಗ್ತಾಳೆ. ಜಾಸ್ತಿ ದಿನ ಇಟ್ಕೊಂಡ್ರೆ ಖರ್ಚು.”

ಮುಂದೆ ಏನಾಯಿತೆಂದು ಭದ್ರಮ್ಮ ಯಾರಿಗೂ ಸರಿಯಾಗಿ ಹೇಳಿಲ್ಲ. ಪ್ರಭುಸ್ವಾಮಿಯವರ ಒಂದು ಚಪ್ಪಲಿ ಜಗುಲಿಯ ಕೆಳಗೆ ಸಿಕ್ಕಿತು, ಪೊರಕೆ ಬೀದಿಯಲ್ಲಿ ಸಿಕ್ಕಿತು. ಕಾರು ಹೋದ ರಭಸಕ್ಕೆ ಬೀದಿಯ ಕೋಳಿಗಳು ಸಂಜೆಯವರೆಗೆ ಗೂಡು ಸೇರಲಿಲ್ಲ.

ಇತ್ತ ನಾಲೆ ಏರಿಯ ಮೇಲೆ ಓಡುವಂತೆ ನಡೆಯುತ್ತಿದ್ದ ಹಿರಿಯರಿಗೆ ಎದುರಿಗೇ ಲಿಂಗರಾಜು ಸಿಕ್ಕಿದ. ಅಂದು ಅಲ್ಲಿ ಮೂರನೆಯ ಕೊಲೆಯ ಒಂದು ತುಂಡು ಬಾಕಿ ಉಳಿದಿತ್ತು. ಶಿವಶಂಕರನೂ ಚೆಲುವರಾಜುವೂ ಬ್ಯಾಟರಿ ತರಲು ಹೋಗಿದ್ದರು. ಅಂಗಿ ತುಂಬ ರಕ್ತ, ಕೈಯಲ್ಲಿ ಲಾಂಗು, ಕಾಲ ಬಳಿ ಅಂಗಾತ ಬಿದ್ದ ಚಾಮಯ್ಯ. ಹಿರಿಯರು ನಿಂತಲ್ಲೇ ನಿಂತರು. ಲಿಂಗರಾಜು ಲಾಂಗನ್ನು ಕಂಕುಳಲ್ಲಿ ಇರುಕಿಕೊಂಡು ಕೈ ಮುಗಿದ.

“ನಮಸ್ಕಾರ ಸಾರ್. ಬಿಸ್ಲಲ್ಲಿ ಎಲ್ಲಿಗೆ ಓಯ್ತಾ ಇದೀರಿ? ಬಸ್ಸಿಲ್ಲ ಈಗ. ಬನ್ನಿ, ಬೈಕಲ್ಲಿ ಹುಣ್ಸೂರ್‌ಗೆ ಬುಟ್ಬತ್ತೀನಿ.” ಆಮೇಲೆ ಹೆಣದ ಕಡೆ ತಿರುಗಿ, “ಚಾಮಣ್ಣ, ನೀವು ಬಿದ್ಕಂಡಿರಿ, ಬಂದೆ,” ಎಂದ. ಚಾಮಯ್ಯ ಕಣ್ಣು ಮುಚ್ಚಿಕೊಂಡೇ ಹೂಂ ಎಂದ. ಭಯದಲ್ಲಿದ್ದ ಹಿರಿಯರಿಗೆ ಅದು ಕೊನೆಯ ನರಳಾಟದಂತೆ ಕೇಳಿಸಿತು. ಬೇಡ ಎಂದರೆ ಏನಾಗುವುದೋ ಎಂದು ಹೆದರಿ ಅವರು ಬೈಕು ಹತ್ತಿದರು.

ಆ ಪ್ರಯಾಣದ ಬಗ್ಗೆ ಅಂದು ಸಂಜೆ ಲಿಂಗರಾಜುವೇ ಡೇರಿಯ ಮುಂದೆ ನಮಗೆ ಹೇಳಿದ. “ಯಾರೋ ದೊಡ್ಡೋರು ಮೇಷ್ಟ್ರೇ. ಪಾಪ, ಜ್ವರ ಬಂದಿತ್ತು ಅಂತ ಕಾಣ್ತದೆ, ನಡುಗ್ತಾ ಇದ್ರು. ಎಷ್ಟ್ ಆಯ್ತು ಮಗ ಅಂದ್ರು. ಸಿನಿಮಾ ವಿಚಾರ ಗೊತ್ತಲ್ಲ ಅಂತ, ಮೂರು ಮುಗ್ದದೆ ಸಾರ್, ಕೊನೇದೊಂದು ಉಳ್ದದೆ, ಅದ್ಕೆ ಕೆ.ಆರ್. ನಗರದೋರು ಬರ್ಬೇಕು, ಅವ್ರ್ ಬಂದೇಟ್ಗೆ ಮುಗಿಸ್ತೀವಿ ಅಂದೆ. ಅಷ್ಟಕ್ಕೇ ಮೈಯೆಲ್ಲಾ ಬೆವೆತೋಯ್ತು ಅವ್ರಿಗೆ.”

ಅವನು ಹೇಳಿ ಮುಗಿಸುವಷ್ಟರಲ್ಲಿ ಚೆಲುವರಾಜು ಓಡಿ ಬಂದ. ಪ್ರಭುಸ್ವಾಮಿ ಫೋನಿನಲ್ಲಿ ಉಗಿದು ಉಪ್ಪಿನಕಾಯಿ ಹಾಕಿದ್ದರು. “ಪಾರ್ಟಿನ ನಮ್ಮಕ್ಕ ಪೊರಕೆ ತಗಂಡು ಓಡ್ಸವ್ಳೆ ಮೇಷ್ಟ್ರೇ!”

“ಪಾರ್ಟಿ ನಮ್ ಅಂಗ್ಡೀಲೇ ಟೀ ಕುಡ್ದು ಓದ್ರಲ್ಲ,” ಎಂದ ಕರಿಯಯ್ಯ. “ಬಿಳೀ ಪಂಚೆ.”

“ಪ್ರಭುಸ್ವಾಮಿ ಪ್ಯಾಂಟು ಕಣಯ್ಯ!”

ಹಾಗಾದರೆ ಬಿಳಿ ಪಂಚೆ ಯಾರು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಭದ್ರಮ್ಮ ಹಾಲಿನ ಕ್ಯಾನು ಹಿಡಿದು ಅಲ್ಲೇ ನಿಂತಿದ್ದಳು. ಅವಳಿಗೆ ಬೈಯಲು ಬರುವುದಿಲ್ಲವೆಂದಲ್ಲ. ಬೆಳಿಗ್ಗೆ ತಾನೇ ರೈಸ್‌ಮಿಲ್ಲನ್ನು ಓಡಿಸಿದ ಹೆಂಗಸು. ಆದರೆ ಈಗ ಕ್ಯಾನನ್ನು ಮೆಲ್ಲನೆ ಕೆಳಗೆ ಮಡಗಿ, ಡೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಒಂದು ಮಾತು ಒಳ್ಳೇದು ಆಡಕ್ಕೆ ಆಗ್ನಿಲ್ವಾ ನಿಮ್ಗೆಲ್ಲಾ, ನನ್ ಮಗನ ಮೇಲೆ?” ಎಂದಳು. ನಮಗೆ ನಾಚಿಕೆಯಾಯಿತು. ಊರಿನ ಕುಡುಕರಿಗೆಲ್ಲ ಸುಳ್ಳು ಹೇಳಿ ಮದುವೆ ಮಾಡಿಸಿದವರು, ಸುಳ್ಳೇ ಬೇಕಾಗಿರದ ಒಬ್ಬ ಹುಡುಗನ ತಲೆಯ ಮೇಲೆ ಮೂರು ಕೊಲೆ ಹೊರಿಸಿ ಕಳಿಸಿದ್ದೆವು.

ಚೆಲುವರಾಜು ನೆಟ್ಟಗೆ ತನ್ನ ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ಮೈಕ್ ಕೇಳಿಸಿತು. “ಗ್ರಾಮಸ್ಥರಲ್ಲಿ ವಿನಂತಿ. ಸಿನಿಮಾ ನಿಂತದೆ. ತಪ್ಪೆಲ್ಲಾ ನಂದೇ. ನಮ್ ಲಿಂಗರಾಜು ಯಾರ್ನೂ ಕೊಂದಿಲ್ಲ.” ಸೋದರಮಾವನಾದವನು ಅಳಿಯನನ್ನು ಹಸೆಗೆ ಕರೆತರಬೇಕು. ಇವನು ಕೊಲೆಗೆ ಕರೆದೊಯ್ದಿದ್ದ. ಮಾರನೆಯ ದಿನ ಕೆ.ಆರ್. ನಗರಕ್ಕೆ ಹೋಗಿ ಕಾಲು ಹಿಡಿಯುತ್ತೇನೆಂದು ಹೊರಟವನನ್ನು ಭದ್ರಮ್ಮನೇ ತಡೆದಳು. “ನೀನು ಬಾಯಿ ಬುಟ್ರೆ ನಾಕ್ನೇ ಕೊಲೆ ಆಯ್ತದೆ. ಸುಮ್ಕಿರು.”

ಭಾನುವಾರ ಬೆಳಿಗ್ಗೆ ಭದ್ರಮ್ಮನ ಒಲೆಯ ಮೇಲೆ ಕೇಸರಿಬಾತು ಇರಲಿಲ್ಲ. ಆದರೆ ಹತ್ತು ಗಂಟೆಗೆ ಮನೆಯ ಮುಂದೆ ಒಂದು ವ್ಯಾನ್ ಬಂದು ನಿಂತಿತು. ಮೊದಲು ಇಳಿದದ್ದು ಬಿಳಿ ಪಂಚೆ. ಆಮೇಲೆ ಅವರ ಹೆಂಡತಿ, ನೆಂಟರು, ಕೊನೆಗೆ ರಮ್ಯಶ್ರೀ. ಊರೆಲ್ಲ ಭದ್ರಮ್ಮನ ಅಂಗಳಕ್ಕೆ ಓಡಿತು. ಚೆಲುವರಾಜು ಮಾತ್ರ ಬ್ಯಾರನ್‌ನ ಹಿಂದೆ ನಿಂತು ಇಣುಕುತ್ತಿದ್ದ.

ಷಣ್ಮುಖಪ್ಪನವರು ಚಾಪೆಯ ಮೇಲೆ ಕೂತು, ನೀರು ಕುಡಿದು, ಗಂಟಲು ಸರಿಮಾಡಿಕೊಂಡರು. “ಅಮ್ಮಾ, ನಾನು ಮಗಳಿಗಾಗಿ ನಾಲ್ಕಾರು ಊರು ತಿರುಗಿದೀನಿ. ಹೋದ ಕಡೆಯೆಲ್ಲ ಹುಡುಗ ದೇವರಂಥೋನು ಅಂದ್ರು. ಒಂದು ಕಡೆಯೂ ನನಗೆ ನಂಬಿಕೆ ಬರ್ಲಿಲ್ಲ. ನಿಮ್ಮೂರಲ್ಲಿ ಮಾತ್ರ ಮೂರು ಕೊಲೆ ಮಾಡವ್ನೆ ಅಂದ್ರು.”

ಕರಿಯಯ್ಯ ಕಂಬದ ಹಿಂದೆ ಸರಿದ.

“ಬೈಕಲ್ಲಿ ಕೂತು ದೇವರ ನೆನೀತಾ ಇದ್ದೆ. ದಾರೀಲಿ ಒಂದು ಮುದುಕಿ ಸೌದೆ ಹೊರೆ ಹೊತ್ತು ಬತ್ತಾ ಇತ್ತು. ಈ ಕೊಲೆಗಾರ ಬೈಕ್ ನಿಲ್ಸಿ, ಇಳಿದು, ಹೊರೆ ಸರಿ ಮಾಡಿ ಕಳಿಸ್ದ. ಹಂಪ್ ಬಂದಾಗೆಲ್ಲಾ ನಿಧಾನಕ್ಕೆ ಕುಂತ್ಕಳಿ ಸಾರ್ ಅಂತಾನೆ. ಅಷ್ಟೊತ್ಗೆ ಅವನ ಅಂಗಿಯಿಂದ ಇರುವೆ ನನ್ನ ಮೈಗೆ ಬಂದ್ವು. ರಕ್ತಕ್ಕೆ ನೊಣ ಬತ್ತದೆ, ಇರುವೆ ಸಾಲು ಕಟ್ಟಲ್ಲ. ಬೆರಳಲ್ಲಿ ಒರೆಸಿ ಬಾಯಿಗಿಟ್ಟೆ. ಬೆಲ್ಲ! ಅದೂ ನಮ್ಮ ಆಲೆಮನೆ ಬೆಲ್ಲ, ನಾನು ಕಾಯಿಸಿದ ಪಾಕ ನನಗೆ ಗೊತ್ತಾಗಲ್ವಾ? ಹುಣಸೂರಲ್ಲಿ ವಿಚಾರಿಸ್ದೆ, ನಿಮ್ಮೂರಲ್ಲಿ ಸಿನಿಮಾ ತೆಗೀತಾ ಅವ್ರೆ ಅಂದ್ರು. ಬಸ್ ಹತ್ತಿ ಕೂತು ನಕ್ಕೆ ನೋಡಿ, ಕಂಡಕ್ಟರು ಟಿಕೆಟ್ ಕೇಳಕ್ಕೇ ಹೆದರ್ದ.” ಅವರು ಲಿಂಗರಾಜುವಿನ ಕಡೆ ನೋಡಿದರು. “ಕೊಲೆಗಾರ ಅಂತ ತಿಳ್ಕಂಡೇ ಇವನ ಹಿಂದೆ ಕೂತೆ. ಆಗಲೂ ಒಳ್ಳೆಯೋನು ಅನ್ನಿಸ್ದ. ಇನ್ನೇನು ವಿಚಾರಿಸ್ಲಿ?”

ಭದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ರವೆ ಡಬ್ಬಿ ಹುಡುಕಲು ಒಳಗೆ ಓಡಿದಳು. ನಂಜಣ್ಣ ದೊಡ್ಡ ದನಿಯಲ್ಲಿ ಒಂದು ವಚನ ಹೇಳಿಬಿಟ್ಟ. ಚೆಲುವರಾಜುವನ್ನು ಬ್ಯಾರನ್‌ನ ಹಿಂದಿನಿಂದ ಎಳೆದು ತಂದರು.

“ಏನ್ರೀ ಡೈರೆಕ್ಟ್ರೇ,” ಎಂದರು ಷಣ್ಮುಖಪ್ಪ, “ಕೊನೇದಕ್ಕೆ ಕೆ.ಆರ್. ನಗರದೋರು ಬೇಕಂತಲ್ಲ? ನಾನು ಬಂದಿದೀನಿ. ಸಾಯೋ ಪಾರ್ಟು ಕೊಡಿ. ರಕ್ತ ನಮ್ಮ ಕಡೆಯಿಂದ.”

ಮದುವೆಗೆ ಮುಂಚೆಯೇ ಇಷ್ಟು ಗಟ್ಟಿಯಾದ ರಕ್ತಸಂಬಂಧ ನಮ್ಮ ತಾಲ್ಲೂಕಿನಲ್ಲಿ ಬೇರೆ ಇಲ್ಲ ಎಂದು ನನ್ನ ಅಭಿಪ್ರಾಯ.

ನಿಶ್ಚಿತಾರ್ಥದ ದಿನವೇ ಕೊಲೆಯನ್ನೂ ಇಟ್ಟುಕೊಂಡರು. ಹೇಗೂ ಜನ ಸೇರುತ್ತಾರೆ, ಶಾಮಿಯಾನ ಇರುತ್ತದೆ. ಷಣ್ಮುಖಪ್ಪ ಒಂದು ಮೂಟೆ ಅಚ್ಚುಬೆಲ್ಲ ತಂದಿದ್ದರು. ದೊಡ್ಡ ಕೊಳದಪ್ಪಲೆಯಲ್ಲಿ ಪಾಕ ಕಾದು ಸಿದ್ಧವಾಗಿತ್ತು. ಬಣ್ಣ ಕದಡುವುದೊಂದು ಬಾಕಿ. ಡ್ರೋನ್ ಇಲ್ಲದ್ದಕ್ಕೆ ಶಿವಶಂಕರನನ್ನು ಏಣಿ ಇಟ್ಟು ಬ್ಯಾರನ್‌ನ ಮಾಡಿಗೆ ಹತ್ತಿಸಿದ್ದರು. ಷಣ್ಮುಖಪ್ಪ ನಡುವೆ ನಿಂತರು. ಎದುರಿಗೆ ಲಾಂಗ್ ಹಿಡಿದ ಭಾವಿ ಅಳಿಯ. ಮಾಡಿನ ಮೇಲಿನಿಂದ “ಎಲ್ಲರೂ ಸ್ವಲ್ಪ ನಗಿ” ಎಂದು ಕೂಗು ಬಂತು.

“ಆ್ಯಕ್ಷನ್!” ಎಂದ ಚೆಲುವರಾಜು ಮೈಕಿನಲ್ಲಿ.

ಲಿಂಗರಾಜು ಲಾಂಗ್ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

“ಹೊಡೀರಿ ಅಳಿಯಂದ್ರೇ,” ಎಂದರು ಷಣ್ಮುಖಪ್ಪ ಪಿಸುಮಾತಿನಲ್ಲಿ. “ನಾಚ್ಕಬೇಡಿ. ರಟ್ಟು ತಾನೆ?”

“ಹೊಡೀಲಾ!” ಎಂದ ನಂಜಣ್ಣ. “ಹೊಡೀರಿ ಪರವಾಗಿಲ್ಲ,” ಎಂದಳು ರಮ್ಯಶ್ರೀ. ಲಿಂಗರಾಜು ಅವಳ ಮುಖ ನೋಡಿದ, ತಾಯಿಯ ಮುಖ ನೋಡಿದ. ಲಾಂಗ್ ಕೆಳಗೆ ಬಿತ್ತು. “ಆಯ್ತಾ ಇಲ್ಲ ಸಾರ್ ನನ್ನ ಕೈಲಿ,” ಎಂದು ಹೇಳಿ, ಬಗ್ಗಿ ಮಾವನ ಕಾಲು ಮುಟ್ಟಿದ. ಅವನ ಕಣ್ಣಲ್ಲಿ ನೀರಿತ್ತು. ನೋಡುತ್ತಿದ್ದ ನಮ್ಮ ಕಣ್ಣಲ್ಲೂ ಇತ್ತು. ಕಟ್ ಹೇಳಲು ಚೆಲುವರಾಜುವಿಗೆ ನೆನಪೇ ಬರಲಿಲ್ಲ. ಶಿವಶಂಕರ್ ಮದುವೆಯ ಅಭ್ಯಾಸದಂತೆ ಎಲ್ಲರ ಮುಖವನ್ನೂ ಒಂದೊಂದಾಗಿ ತೆಗೆದುಕೊಂಡ.

ಹೀಗೆ ‘ಔಟ್ ಆಫ್ ಔಟ್’ ಸಿನಿಮಾದ ಬುದ್ಧಿವಂತ ಹುಡುಗ ಕೊನೆಗೆ ಲಾಂಗ್ ಬಿಸಾಕಿ ಒಳ್ಳೆಯವನಾದ. “ಇದೇ ನಾನು ಅನ್ಕಂಡಿದ್ದ ಕ್ಲೈಮ್ಯಾಕ್ಸು. ಸಮಾಜಕ್ಕೆ ಮೆಸೇಜು,” ಎಂದು ಚೆಲುವರಾಜು ಈಗಲೂ ಹೇಳಿಕೊಳ್ಳುತ್ತಾನೆ. ನಾನು ತಿದ್ದಲು ಹೋಗಿಲ್ಲ.

ಭದ್ರಮ್ಮ ಮಾತ್ರ ತಮ್ಮನ ಮುಂದೆ ಬಂದು, “ನೋಡ್ದಾ? ನಾನು ಮೊದಲೇ ಯೋಳಿರ್ನಿಲ್ವಾ, ನನ್ ಮಗ ಯಾರ್ನೂ ಹೊಡೀಕೂಡ್ದು ಅಂತ,” ಎಂದಳು. ಆಮೇಲೆ ಅವಳ ಕಣ್ಣು ಕೊಳದಪ್ಪಲೆಯ ಮೇಲೆ ಬಿತ್ತು. “ಇಷ್ಟು ಬೆಲ್ಲ ದಂಡ ಮಾಡ್ತೀರೇನ್ರೋ?” ಎಂದು, ಬಣ್ಣದ ಪೊಟ್ಟಣ ಹಿಡಿದು ನಿಂತಿದ್ದ ಕರಿಯಯ್ಯನನ್ನು ಅತ್ತ ತಳ್ಳಿ, ಪಾಕಕ್ಕೆ ಬೆಂದ ಕಡ್ಲೆಬೇಳೆ ಸುರಿದು, ಕಾಯಿ ಏಲಕ್ಕಿ ಅರೆದು ಹಾಕಿದಳು.

ಅಂದು ನಮ್ಮೂರಿನವರೂ ಕೆ.ಆರ್. ನಗರದವರೂ ಒಂದೇ ಪಂಕ್ತಿಯಲ್ಲಿ ಕೂತು ನಾಲ್ಕನೆಯ ಕೊಲೆಯ ರಕ್ತವನ್ನು ಬಾಳೆಯೆಲೆಯ ಮೇಲೆ ಸುರಿಸಿಕೊಂಡು ಉಂಡೆವು. ಬಡಿಸಿದವನು ಲಿಂಗರಾಜು. ನಾನು ಎರಡನೇ ಸಲ ಕೇಳಿದೆ. ಮುಖ ನೋಡದೆ ತುಂಬ ಬಡಿಸಿದ.